ಯಾರದು

ಪೋಸ್ಟರಿನಲ್ಲಿ ನನ್ನ ಹೆಸರಿಲ್ಲ. ಇರಬೇಕಾಗೂ ಇಲ್ಲ.
ಚಿತ್ರದಲ್ಲಿ ಸಾಯುವ ಏಳು ಹೆಂಗಸರ ಪೈಕಿ
ಆರು ಮಂದಿಗೆ ಕನ್ನಡ ಬಾರದು,
ಏಳನೆಯವಳಿಗೆ ಬಂದರೂ ಆ ವಾರ ಗಂಟಲು ಕಟ್ಟಿತ್ತು.
ಹಾಗಾಗಿ ಗಾಂಧಿನಗರದಲ್ಲಿ,
ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ
ಎರಡು ದಿನ, ಮಧ್ಯಾಹ್ನದ ಊಟ ಅವರದೇ,
ಏಳೂ ಸಾವು ನಾನೇ ಸತ್ತೆ.

ಮೊದಲನೆಯವಳು ಲಾಲ್‌ಬಾಗಿನ ಬಂಡೆ ಹಿಂದೆ. ಸಲೀಸು.
ಎರಡನೆಯವಳು ಕಾರಿನೊಳಗೆ:
ಬಾಯಿಗೆ ಕರವಸ್ತ್ರ ತುರುಕಿಕೊಂಡು ಮಾಡಿದೆ.
ಮೂರನೆಯವಳು ನೀರಲ್ಲಿ; ಸ್ಟೀಲ್ ಲೋಟದೊಳಗೆ ಗುಳುಗುಳು.
ಸೌಂಡ್ ಇಂಜಿನಿಯರ್ ಫೆಲಿಕ್ಸ್ ಗಾಜಿನಾಚೆ ಹೆಬ್ಬೆರಳೆತ್ತಿದ.
ಚೀರುವುದೇನು ದೊಡ್ಡದಲ್ಲ.
ಹೊಟ್ಟೆಯಿಂದ ತೆಗೆಯಬೇಕು, ಗಂಟಲಿಂದಲ್ಲ;
ಆಮೇಲೆ ಬಿಸಿನೀರು, ಒಂದು ಚೂರು ಜೇಷ್ಠಮಧು.

ನಾಲ್ಕನೆಯವಳ ಹತ್ತಿರ ಸಿಕ್ಕಿಬಿದ್ದೆ.
ಅವಳು ಚೀರುವುದಿಲ್ಲ.
ಬಸವೇಶ್ವರನಗರದ ಬಾಡಿಗೆ ಮನೆ, ಒಲೆ ಮೇಲೆ ಹಾಲು,
ಕದ ತಟ್ಟಿದ ಸದ್ದು.
ಅವಳಿಗಿರುವುದು ಒಂದೇ ಮಾತು: "ಯಾರದು?"

ಹನ್ನೊಂದು ಟೇಕು.
"ಭಯ ಜಾಸ್ತಿ ಆಯ್ತು ಮೇಡಂ," ಅಂತಾನೆ ಫೆಲಿಕ್ಸ್,
"ಆಚೆ ಯಾರಿದಾನೆ ಅಂತ ನಿಮಗೆ ಗೊತ್ತು. ಅವಳಿಗೆ ಗೊತ್ತಿಲ್ಲ.
ಕೊರಿಯರ್ ಇರಬಹುದು. ಗ್ಯಾಸಿನವನಿರಬಹುದು."

ಗೊತ್ತಿರುವುದನ್ನು ನಾಲಿಗೆಯಿಂದ ಇಳಿಸುವುದು ಹೇಗೆ?
ನೆನಪಾದದ್ದು ಶ್ರೀರಾಂಪುರದ ಅಜ್ಜಿಮನೆಯ ಕದ,
ಅದರ ಮೇಲೆ ಸೀಮೆಸುಣ್ಣದ "ನಾಳೆ ಬಾ".
ರಾತ್ರಿ ದೆವ್ವವೊಂದು ನಮ್ಮವರದೇ ದನಿಯಲ್ಲಿ ಕರೆಯುತ್ತಂತೆ,
ಓಗೊಟ್ಟರೆ ಮುಗೀತಂತೆ. ಇಡೀ ಬೀದಿ ನಂಬಿತ್ತು.
ಅಜ್ಜಿಗೆ ಅಕ್ಷರ ಬಾರದು. ಬರೆದವಳು ನಾನು, ಎಂಟು ವರ್ಷ,
ಳಕಾರ ತಿರುಗಾಮುರುಗಾ.
ಆದರೂ ನಡುರಾತ್ರಿ ಕದ ಬಡಿದರೆ,
ಎರಡನೇ ಪಾಳಿ ಮುಗಿಸಿ ಬಂದ ಮಾವನೇ ಎಂದು
ನಿದ್ದೆಗಣ್ಣಲ್ಲೇ ಸೆರಗು ಸರಿಮಾಡಿಕೊಳ್ಳುತ್ತ
"ಯಾರದು" ಅನ್ನುತ್ತಲೇ ಚಿಲಕ ತೆಗೆಯುತ್ತಿದ್ದಳು.
ಅದು ಪ್ರಶ್ನೆಯಲ್ಲ.
ತಾಳು, ಬಂದೆ, ಅಂತ.

ಹನ್ನೆರಡನೇ ಟೇಕಿಗೆ ಅಜ್ಜಿಯನ್ನು ಕೊಟ್ಟುಬಿಟ್ಟೆ.
ಫೆಲಿಕ್ಸ್ ಹೆಬ್ಬೆರಳೆತ್ತಲಿಲ್ಲ.
ಹೆಡ್‌ಫೋನು ತೆಗೆದು ಒಂದಿಷ್ಟು ಹೊತ್ತು ಕೂತ.

ಕೊಲೆಗಾರ ಬಂದದ್ದು ಸಂಜೆ ಐದಕ್ಕೆ.
ಗದಗಿನ ಕಡೆಯ ನಾಟಕದವ, ನಿಂಗಬಸಪ್ಪ.
ಇಡೀ ಚಿತ್ರಕ್ಕೆ ಅವನದು ಎಂಟೇ ಮಾತು; ಉಳಿದದ್ದು ಉಸಿರು.
ಕಂಪನಿಯ ಹಳೇ ಹಾರ್ಮೋನಿಯಮ್ಮಿನ ತಿದಿ ಒತ್ತಿದ ಹಾಗೆ
ಅಳೆದು ಬಿಡುತ್ತಿದ್ದ, ಮೈಕಿಗೆ, ಕಣ್ಣು ಮುಚ್ಚಿ.
ಹೊರಗೆ ಬಂದವನೇ ಕಡ್ಲೆಮಿಠಾಯಿ ಮುರಿದು ಅರ್ಧ ಕೊಟ್ಟ:
"ಏಳ ಸಲ ಕೊಂದೀನ್ರಿ ಅಕ್ಕಾರ, ಮನಸಿಗೆ ಹಚ್ಕೋಬ್ಯಾಡ್ರಿ."

ಶುಕ್ರವಾರ. ಕೆಂಪೇಗೌಡ ರಸ್ತೆ. ಮೊದಲ ಆಟ.
ಅರ್ಧ ಖಾಲಿ ಬಾಲ್ಕನಿ, ಮುಂದಿನ ಸಾಲಲ್ಲಿ ಶಿಳ್ಳೆ.
ತೆರೆಯ ಮೇಲೆ ಅವನು ಕದ ತಟ್ಟಿ,
"ಸುಸ್ವಾಗತ" ಅಂತಿದ್ದ ಕಾಲೊರಸಿಗೆ
ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಒರಸಿಕೊಂಡ.
ನೆಂಟನ ಹಾಗೆ.
ಅದನ್ನು ಯಾವ ನಿರ್ದೇಶಕ ಹೇಳಿಕೊಟ್ಟಿರುತ್ತಾನೆ?
ಶಿಳ್ಳೆ ನಿಂತಿತು.
ಆಗ ಒಳಗಿಂದ ನಮ್ಮಜ್ಜಿ ಕೇಳಿದಳು.
"ತೆಗೀಬ್ಯಾಡ್ವೇ," ಅಂದಳು ಕತ್ತಲಲ್ಲಿ ಯಾರೋ ಹೆಂಗಸು.
ತೆಗೆದಳು.

ಮರುದಿನದ ಪೇಪರಿನಲ್ಲಿ ಅವನ ಮೌನದ ಬಗ್ಗೆ
ಎರಡು ಪ್ಯಾರಾ. ಸರಿಯಾಗಿಯೇ ಬರೆದಿದ್ದರು.

ಆ ರಾತ್ರಿ ಮೆಟ್ರೋ ಇಳಿದು, ಮನೆಗೆ ಬಂದು,
ಹಾಲು ಕಾಯಿಸಲು ಇಟ್ಟಿದ್ದೆ; ನಿಜವಾಗಿ, ಹಾಲೇ.
ಕದ ತಟ್ಟಿತು.
"ಯಾರದು?"
ಭಯ ಜಾಸ್ತಿ ಆಯ್ತು.
ಇನ್ನೊಂದು ಟೇಕು ಕೇಳುವವರು ಯಾರೂ ಇರಲಿಲ್ಲ.
"ನಾನು ಕಣ್ರೀ, ಮೇಲ್ಮನೆ ಮುಮ್ತಾಜ್. ನಿಮ್ಮ ಡಬ್ಬಿ."

ಬರಿದೇ ಕೊಡಬಾರದೆಂದು
ಅದರೊಳಗೆ ಒಂದು ಹಿಡಿ ಸಕ್ಕರೆ ಹಾಕಿದ್ದಳು.